ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲೇ ಕಾಯಿ ತುರಿಯುತ್ತಾ ಊರಿನ ಸುದ್ದಿ ಕೇಳುತ್ತಿದ್ದೆ. ಹಿಂದಿನ ರಾತ್ರಿ ಬೆಂಗಳೂರಿನಿಂದ ಬಸ್ ಹತ್ತಿ ಬೆಳಗ್ಗೆಯಷ್ಟೇ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಿದ್ದೆ. ಹನ್ನೊಂದೂವರೆ ಇರಬಹುದು. ಅಮ್ಮನ ಮಾತು ನಿಂತಿತ್ತು. ತಿರುಗಿ ನೋಡಿದರೆ ಸಿಪ್ಪೆಯೆಲ್ಲ ಪಾತ್ರೆಯಲ್ಲಿದೆ, ಹೋಳುಗಳು ದನದ ಕಲಗಚ್ಚಿನ ಬಕೆಟ್ಟಿನಲ್ಲಿ ಬೀಳುತ್ತಿವೆ.

"ಅಮ್ಮ, ಏನ್ ಮಾಡ್ತಿದ್ದೀಯಾ?" ಅಂದೆ.

"ಸುಮ್ನಿರು, ನಂಗೆ ಗೊತ್ತು!" ಅಂತ ಗದರಿದಳು. ನನ್ನಮ್ಮ ಹಾಗೆ ಗದರುವವಳೇ ಅಲ್ಲ. ಹಣೆಯ ಮೇಲೆ, ಮೇಲ್ತುಟಿಯ ಮೇಲೆ ಬೆವರು. ಕೈ ಸಣ್ಣಗೆ ನಡುಗುತ್ತಿತ್ತು, ಆ ಕೈ ಕತ್ತಿಯ ಅಲಗಿನಿಂದ ಎರಡು ಬೆರಳು ದೂರದಲ್ಲಿತ್ತು. ಮೊದಲು ಭುಜ ಹಿಡಿದು ಅವಳನ್ನು ಹಿಂದಕ್ಕೆ ಎಳೆದುಕೊಂಡೆ. ಚಿಕ್ಕಮ್ಮ ಓಡಿ ಬಂದು, "ಪಿತ್ತ ಆಗಿರ್ಬೇಕು, ಸ್ವಲ್ಪ ಮಲಗಿಸು" ಅಂದಳು. ನಮ್ಮ ಕಡೆ ತಲೆ ತಿರುಗಿದರೂ ಪಿತ್ತ, ಬೆವರಿದರೂ ಪಿತ್ತ.

ಗ್ಲೂಕೋಮೀಟರ್ ತಂದು ಬೆರಳಿಗೆ ಚುಚ್ಚಿದೆ. 48.

ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಲೋ ಶುಗರ್ ಅಂತ ಲೆಕ್ಕ. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದೆ. ಚಿಕ್ಕಮ್ಮ ಡಬ್ಬದಿಂದ ರವೆ ಉಂಡೆ ತಂದಳು, ನಾನು ಬೇಡ ಅಂದೆ. ತುಪ್ಪ ಇರುವುದು ನಿಧಾನವಾಗಿ ಇಳಿಯುತ್ತದೆ, ಆ ಹೊತ್ತಿಗೆ ಬೇಕಾದದ್ದು ಬರಿ ಸಕ್ಕರೆ. ಪುಣ್ಯಕ್ಕೆ ಅಮ್ಮ ನುಂಗುವಷ್ಟು ಎಚ್ಚರ ಇದ್ದಳು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವ ಹಾಗಿರಲಿಲ್ಲ, ಶ್ವಾಸನಾಳಕ್ಕೆ ಹೋಗಿಬಿಡುತ್ತದೆ, ಆಗ ಆಸ್ಪತ್ರೆಗೆ ಓಡುವುದೊಂದೇ ದಾರಿ. ಹದಿನೈದು ನಿಮಿಷ ಬಿಟ್ಟು ನೋಡಿದರೆ 66. ಮತ್ತೆ ಮೂರು ಚಮಚ. ಮತ್ತೆ ಹದಿನೈದು ನಿಮಿಷ. 94. ಅಮ್ಮ ನನ್ನ ಮುಖ ನೋಡಿ, "ಯಾಕೆ ಅಳ್ತಿದ್ದೀಯೆ?" ಅಂದಳು. ತಕ್ಷಣ ಮೊಸರನ್ನ ಕಲಸಿ ತಿನ್ನಿಸಿದೆವು, ಯಾಕೆಂದರೆ ಅವಳು ಹಾಕಿಕೊಳ್ಳುವ 30/70 ಇನ್ಸುಲಿನ್‌ನಲ್ಲಿ ಬೇಗ ಕೆಲಸ ಮಾಡುವುದು ಮೂವತ್ತು ಪಾಲು ಮಾತ್ರ, ಉಳಿದ ಎಪ್ಪತ್ತು ಪಾಲು ನಿಧಾನವಾಗಿ ಎಷ್ಟೋ ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ.

ನನಗೆ ಅರ್ಥವಾಗದಿದ್ದದ್ದು ಒಂದೇ. ಅದರ ಹಿಂದಿನ ಎರಡೂವರೆ ತಿಂಗಳು ನಾವು ಒದ್ದಾಡಿದ್ದು ಶುಗರ್ ಜಾಸ್ತಿ ಅಂತ. ಖಾಲಿ ಹೊಟ್ಟೆಯಲ್ಲೇ 240, ಊಟ ಆದಮೇಲೆ ಮುನ್ನೂರು ದಾಟುತ್ತಿತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7.8 ಇದ್ದದ್ದು 10.2 ಆಗಿತ್ತು. ಡಾಕ್ಟ್ರು ರಿಪೋರ್ಟ್ ನೋಡಿ ಬೆಳಗ್ಗಿನ ಇನ್ಸುಲಿನ್ 18 ಯೂನಿಟ್ ಇದ್ದದ್ದನ್ನು 24 ಮಾಡಿದರು, ಆಮೇಲೆ 30. ಆದರೂ ಇಳಿಯಲಿಲ್ಲ. ಕರೆಂಟ್ ಪದೇ ಪದೇ ಹೋಗಿ ಫ್ರಿಜ್ಜಿನಲ್ಲಿ ಇನ್ಸುಲಿನ್ ಕೆಟ್ಟಿರಬೇಕು ಅಂದುಕೊಂಡು ಎರಡು ಸಲ ಹೊಸ ಬಾಟಲಿ ತರಿಸಿದೆವು. ಅದರಿಂದಲೂ ಏನೂ ಆಗಲಿಲ್ಲ.

ಆಮೇಲೆ ಅನುಮಾನ ಅಮ್ಮನ ಮೇಲೆ ತಿರುಗಿತು. ಇದನ್ನು ಬರೆಯುವುದಕ್ಕೆ ಕಷ್ಟ ಆಗುತ್ತಿದೆ, ಆದರೂ ಬರೆಯಬೇಕು. ಅದು ಮಾವು ಹಲಸಿನ ಕಾಲ. ಅಣ್ಣ "ಕದ್ದು ತಿಂತಾಳೆ" ಅಂದ. ನಾನೂ ನಂಬಿದೆ. ಫೋನಿನಲ್ಲಿ "ಎಷ್ಟು ತೊಳೆ ಹಲಸಿನಹಣ್ಣು ತಿಂದೆ, ನಿಜ ಹೇಳು" ಅಂತ ಚಿಕ್ಕ ಮಗುವನ್ನು ಕೇಳಿದ ಹಾಗೆ ಕೇಳಿದ್ದೇನೆ. ಬೆಳಗ್ಗೆ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ ನುಂಗಿ, ಮುಕ್ಕಾಲು ಗಂಟೆ ಗಡಿಯಾರ ನೋಡಿ ಆಮೇಲೆ ಸಕ್ಕರೆಯಿಲ್ಲದ ಕಾಫಿ ಕುಡಿಯುವ ಹೆಂಗಸು ಅವಳು. "ಇಲ್ಲ ಮಗಾ, ಒಂದು ತೊಳೆನೂ ಮುಟ್ಟಿಲ್ಲ" ಅಂದಿದ್ದಳು. ನಾನು ಉತ್ತರ ಕೊಡದೆ ಫೋನ್ ಇಟ್ಟಿದ್ದೆ.

ಮಧ್ಯಾಹ್ನವೇ ಆಸ್ಪತ್ರೆಗೆ ಹೋದೆವು. ಅಲ್ಲಿ ವಯಸ್ಸಾದ ಒಬ್ಬ ಸಿಸ್ಟರ್ ಇದ್ದರು. ಅವರು ಚೀಟಿ ನೋಡುವುದಕ್ಕೆ ಮುಂಚೆ, "ಅಮ್ಮ, ದಿನಾ ಹೇಗೆ ಹಾಕ್ಕೋತೀರೋ ಹಾಗೆ ನಂಗೆ ಒಂದ್ಸಲ ಮಾಡಿ ತೋರಿಸಿ, ಚುಚ್ಚೋದು ಬೇಡ" ಅಂದರು. ಅಷ್ಟು ದಿನದಲ್ಲಿ ಯಾರೂ ಕೇಳದಿದ್ದ ಮಾತು. ಅಮ್ಮ ಚೀಲದಿಂದ ಬಾಟಲಿ ತೆಗೆದಳು, ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಉರುಳಿಸಿದಳು, ಅಲ್ಲಾಡಿಸಲಿಲ್ಲ. ಸಿರಿಂಜ್ ತೆಗೆದು, ಕಣ್ಣಿನ ಮಟ್ಟಕ್ಕೆ ಹಿಡಿದು, ಸರಿಯಾಗಿ ಮೂವತ್ತರ ಗೆರೆಗೆ ಎಳೆದಳು.

"ಎಲ್ಲ ಸರಿಯಾಗಿದೆಯಲ್ಲ" ಅಂದರು ಸಿಸ್ಟರ್. "ಈ ಸಿರಿಂಜೇ ಯಾವಾಗಲೂ?"

"ಇದು ಇವತ್ತು ಬೆಳಗ್ಗೆ ಮಗಳು ತಂದಿದ್ದು, ಇವತ್ತಿಂದ ಶುರು. ಹಳೇದು ಬೇರೆ" ಅಂದಳು ಅಮ್ಮ, ಚೀಲದ ತಳದಿಂದ ಒಂದನ್ನು ಹುಡುಕಿ ತೆಗೆದಳು.

ಸಿಸ್ಟರ್ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ನಾನು ತಂದದ್ದಕ್ಕೆ ಕೆಂಪು ಮುಚ್ಚಳ. ಹಳೆಯದಕ್ಕೆ ಕಿತ್ತಳೆ ಮುಚ್ಚಳ. ಉದ್ದ ಒಂದೇ, ದಪ್ಪ ಒಂದೇ, ಸೂಜಿಯೂ ಒಂದೇ ಥರ. ಆದರೆ ಕೆಂಪಿನ ಮೇಲೆ ಗೆರೆ 40ಕ್ಕೆ ಮುಗಿಯುತ್ತದೆ, ಕಿತ್ತಳೆಯ ಮೇಲೆ 100ರವರೆಗೆ ಇದೆ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್, ಮತ್ತೆ ಕೆಲವು ಹೊಸ ಥರದ ಬಾಟಲಿಗಳಲ್ಲಿ ಎಂಎಲ್‌ಗೆ 100 ಯೂನಿಟ್. ಅಂಥ ಬಾಟಲಿಗೆ ಕಿತ್ತಳೆ ಮುಚ್ಚಳದ್ದು. ಅಮ್ಮನ ಬಾಟಲಿ 40ರದ್ದು. ಮಾರ್ಚ್‌ನಲ್ಲಿ ಪೇಟೆಯ ಮೆಡಿಕಲ್ ಶಾಪ್‌ನಲ್ಲಿ ಮಾಮೂಲಿ ಸಿರಿಂಜ್ ಖಾಲಿಯಾಗಿ, "ಇದೂ ಇನ್ಸುಲಿನ್‌ದೇ" ಅಂತ ಕಿತ್ತಳೆಯ ಪ್ಯಾಕೆಟ್ ಕೊಟ್ಟಿದ್ದರು.

ಸಿಸ್ಟರ್ ಚೀಟಿಯ ಹಿಂದೆ ಲೆಕ್ಕ ಬರೆದರು. ಕಿತ್ತಳೆಯಲ್ಲಿ ಹದಿನೆಂಟರ ಗೆರೆ ಅಂದರೆ 0.18 ಎಂಎಲ್. 40ರ ಬಾಟಲಿಯಿಂದ ಅಷ್ಟು ಎಳೆದರೆ ಏಳು ಯೂನಿಟ್ ಚಿಲ್ಲರೆ. ಹದಿನೆಂಟು ಬೇಕಾದ ಕಡೆ ಅಮ್ಮನಿಗೆ ಸಿಕ್ಕಿದ್ದು ಏಳು! ಡಾಕ್ಟ್ರು ಮೂವತ್ತಕ್ಕೆ ಏರಿಸಿದಾಗಲೂ ಒಳಗೆ ಹೋಗುತ್ತಿದ್ದದ್ದು ಹನ್ನೆರಡು. ಶುಗರ್ ಇಳಿಯುವುದಾದರೂ ಹೇಗೆ? ಆಮೇಲೆ ನಾನು ಒಳ್ಳೆಯದಾಗಲಿ ಅಂತ ಬೆಂಗಳೂರಿನಿಂದ ಸರಿಯಾದ ಸಿರಿಂಜ್ ಹೊತ್ತು ತಂದೆ. ಅಮ್ಮ ಅದರಲ್ಲೂ ಮೂವತ್ತರ ಗೆರೆಗೆ ಎಳೆದು ಬೆಳಗ್ಗೆ ಎಂಟಕ್ಕೆ ಹಾಕಿಕೊಂಡಳು. ಹಿಂದಿನ ದಿನದ ಎರಡೂವರೆ ಪಟ್ಟು ಒಂದೇ ಸಲಕ್ಕೆ ಮೈಗೆ ಹೋಯಿತು.

ನನ್ನ ಕೈಕಾಲು ತಣ್ಣಗಾಯಿತು. "ಉಲ್ಟಾ ಆಗಿದ್ರೆ ಇನ್ನೂ ಕೆಟ್ಟದು" ಅಂದರು ಸಿಸ್ಟರ್. 100ರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿ ಇಪ್ಪತ್ತರ ಗೆರೆಗೆ ಎಳೆದರೆ ಐವತ್ತು ಯೂನಿಟ್ ಹೋಗುತ್ತದೆ. ರಾತ್ರಿ ಹಾಕಿಕೊಂಡು ಒಬ್ಬರೇ ಮಲಗಿದವರಾದರೆ ಬೆಳಗ್ಗೆ ಏಳುವುದೂ ಕಷ್ಟ.

ಅವರು ಅಷ್ಟಕ್ಕೇ ಬಿಡಲಿಲ್ಲ. ಹೊಕ್ಕುಳ ಪಕ್ಕ ಬೆರಳಿಂದ ಒತ್ತಿ ನೋಡಿದರು, ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟರು. ಚರ್ಮದ ಕೆಳಗೆ ಅಡಿಕೆಯಷ್ಟು ಗಂಟು, ಮೆತ್ತಗೂ ಅಲ್ಲ ಗಟ್ಟಿಯೂ ಅಲ್ಲ. "ಅಲ್ಲಿ ನೋವೇ ಆಗಲ್ಲ, ಅದಕ್ಕೆ ಅಲ್ಲೇ ಚುಚ್ಚಿಕೊಳ್ತೀನಿ" ಅಂದಳು ಅಮ್ಮ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಆದ ಗಂಟು ಅದು. ಅದರೊಳಗೆ ಹಾಕಿದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ. ಹೊಟ್ಟೆಯ ಎಡಕ್ಕೆ ಒಂದು ವಾರ, ಬಲಕ್ಕೆ ಒಂದು ವಾರ, ಆಮೇಲೆ ತೊಡೆ, ಪ್ರತಿ ಸಲವೂ ಹಿಂದಿನ ಜಾಗದಿಂದ ಒಂದು ಬೆರಳು ಆಚೆ ಅಂತ ಪೆನ್ನಿನಿಂದ ಗುರುತು ಮಾಡಿ ತೋರಿಸಿದರು. ಮನುಷ್ಯರ ಮೈ ಮುಟ್ಟಿ ನೋಡಿ ಹೇಳುವವರು ಒಬ್ಬರಿದ್ದರೆ ಎಷ್ಟು ಸಮಾಧಾನ ಅಲ್ವಾ?

ಡಾಕ್ಟ್ರು ಡೋಸ್ ಇಳಿಸಿದರು. ಬೆಳಗ್ಗೆ 16, ರಾತ್ರಿ 10, ಕೆಂಪು ಮುಚ್ಚಳದ್ದೇ ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಒಂದು ವಾರ ದಿನಕ್ಕೆ ನಾಲ್ಕು ಸಲ ಶುಗರ್ ನೋಡಿ ಬರೆದಿಡಲು ಹೇಳಿದರು.

ಮನೆಗೆ ಬಂದ ಮೇಲೆ ಜಗುಲಿಯಲ್ಲಿ ಕೂತು ಅಮ್ಮನಿಗೆ ತಪ್ಪಾಯಿತು ಅಂದೆ. ಅಣ್ಣನೂ ಫೋನ್ ಮಾಡಿ ಕೇಳಿಕೊಂಡ. ಅಮ್ಮ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನನಗೇ ಅನುಮಾನ ಬಂದಿತ್ತು ಮಗಾ, ನಿದ್ದೆಗಣ್ಣಲ್ಲಿ ಎದ್ದು ಏನಾದ್ರೂ ತಿಂತೀನಾ ಅಂತ. ರಾತ್ರಿ ಹಲಸಿನಹಣ್ಣು ಇರೋ ಕೋಣೆ ಬಾಗಿಲಿಗೆ ಅಗಳಿ ಹಾಕ್ಕೊಂಡು ಮಲಗ್ತಿದ್ದೆ" ಅಂದಳು.

ಮರುದಿನ ಬೆಳಗ್ಗೆ ಎರಡು ಸಿರಿಂಜನ್ನೂ ತೆಗೆದುಕೊಂಡು ಪೇಟೆಯ ಆ ಅಂಗಡಿಗೆ ಹೋದೆ. ಜಗಳಕ್ಕೆ ಅಂತಲೇ ಹೊರಟಿದ್ದೆ, ದಾರಿಯಲ್ಲಿ ಸಿಟ್ಟು ಇಳಿಯಿತು. ಕೌಂಟರ್ ಮೇಲೆ ಎರಡನ್ನೂ ಇಟ್ಟು, ಬಾಟಲಿಯ ಮೇಲಿನ 40 ತೋರಿಸಿ, ಆದದ್ದನ್ನೆಲ್ಲ ಹೇಳಿದೆ. ಹುಡುಗ ಒಳಗೆ ಹೋಗಿ ಯಜಮಾನರನ್ನು ಕರೆದ. ಅವರು ಕನ್ನಡಕ ಏರಿಸಿ ಗೆರೆಗಳನ್ನು ಎಣಿಸಿದರು, ಬಣ್ಣ ನೋಡಿದರು. ಶೆಲ್ಫಿನಿಂದ ಕಿತ್ತಳೆಯ ಡಬ್ಬ ಕೆಳಗಿಳಿಸಿದರು. ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿತ್ತು. ಏನೂ ಮಾತಾಡದೆ ಸಾಲದ ಪುಸ್ತಕ ತೆಗೆದು, ಮಾರ್ಚ್‌ನಿಂದ ಹಾಳೆ ತಿರುಗಿಸುತ್ತಾ ಬಂದು, ಎರಡು ಹೆಸರಿನ ಮೇಲೆ ಬೆರಳಿಟ್ಟು ನಿಂತರು. "ಲೋ, ಫೋನ್ ತಾರೋ ಇಲ್ಲಿ" ಅಂತ ಹುಡುಗನನ್ನು ಕೂಗಿದರು.