ಪಾವಗಡದಲ್ಲಿ ಅಷ್ಟೊಂದು ಸೋಲಾರ್ ಇದ್ದರೂ ಸಂಜೆ ಕರೆಂಟ್ ಯಾಕೆ ಹೋಗುತ್ತೆ?

ವಿದ್ಯುತ್ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಸಾಲಿನಲ್ಲೂ ಈ ಪ್ರಶ್ನೆ ಕೇಳುತ್ತಾರೆ. ಸೋಲಾರ್ ಪಾರ್ಕ್ ಸುಮ್ನೆ ತೋರಿಕೆಗೆ ಇದೆ, ಅಲ್ವಾ ಅಂತ ಕೆಲವರ ಅನುಮಾನ.

ಇಲ್ಲ, ಅದು ಕೆಲಸ ಮಾಡುತ್ತಿದೆ. ತುಮಕೂರು ಜಿಲ್ಲೆಯ ಆ ಬರದ ಸೀಮೆಯಲ್ಲಿ, ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಫಲಕಗಳಿವೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. (ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಜಮೀನಿಲ್ಲದವರಿಗೆ ಈ ಬಾಡಿಗೆಯಲ್ಲಿ ಪಾಲಿಲ್ಲ.) ಸಾಮರ್ಥ್ಯ 2,050 ಮೆಗಾವಾಟ್. ಶರಾವತಿ ವಿದ್ಯುದಾಗಾರದ್ದು 1,035.

ಈ ಹೋಲಿಕೆಯಲ್ಲೇ ಎಡವುತ್ತೇವೆ. ನೀರಿದ್ದರೆ ಶರಾವತಿಯನ್ನು ರಾತ್ರಿಯೂ ಓಡಿಸಬಹುದು. ಪಾವಗಡ ಮಾತ್ರ ಹೊತ್ತು ಮುಳುಗಿದ ಮೇಲೆ ಸೊನ್ನೆ. ಮನೆಗಳಲ್ಲಿ ಲೈಟು, ಟಿವಿ, ಮಿಕ್ಸಿ ಶುರುವಾಗುವುದೂ ಆಗಲೇ. ಆ ಹೊತ್ತಿಗೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಬೇಕು, ಶರಾವತಿಯ ನೀರು ಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ, ಬೆಳೆ ಉಳಿಸಲು ಬೋರ್‌ವೆಲ್ ಮೋಟಾರುಗಳು ಜಾಸ್ತಿ ಓಡಿದವು. ಅಕ್ಟೋಬರ್‌ನಲ್ಲಿ ರೈತರ 7 ಗಂಟೆಯ ತ್ರೀ ಫೇಸ್ 5 ಗಂಟೆಗೆ ಇಳಿಯಿತು. ಹವಾಮಾನ ಕೆಡುತ್ತಾ ಹೋದಂತೆ ಇಂಥ ವರ್ಷಗಳು ಇನ್ನೂ ಬರುತ್ತವೆ.

ಹಾಗಾದರೆ ಹಗಲಿನ ಕರೆಂಟ್ ಕೂಡಿಡಬೇಕು. ಎಲ್ಲಿ ಅನ್ನುವುದರಲ್ಲೇ ರಾಜಕೀಯ ಇರುವುದು. ಸರ್ಕಾರದ ಕಣ್ಣು ಶರಾವತಿ ಪಂಪ್ಡ್ ಸ್ಟೋರೇಜ್ ಮೇಲಿದೆ: ಹಗಲು ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತುವುದು, ಸಂಜೆ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ಎತ್ತಲು ಸುಟ್ಟ ಕರೆಂಟಿನಲ್ಲಿ ಮುಕ್ಕಾಲು ಪಾಲಿನಷ್ಟು ವಾಪಸ್ ಬರುತ್ತದೆ, ಅದು ಕೆಟ್ಟ ಲೆಕ್ಕವಲ್ಲ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ಅದೇ ನದಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಅರವತ್ತು ವರ್ಷ ಆದರೂ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಗೋಳು ಮುಗಿದಿಲ್ಲ. ಅಲ್ಲಿನ ಜನ ವಿರೋಧಿಸಿದರೆ ಅಭಿವೃದ್ಧಿಗೆ ಅಡ್ಡಗಾಲು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಟರಿ ಬೆಲೆ ಬಹಳ ಇಳಿದಿದೆ. ಲೈನು, ಸಬ್‌ಸ್ಟೇಷನ್ ಈಗಾಗಲೇ ಇರುವ ಪಾವಗಡದಲ್ಲೇ ಮೊದಲು ಅವನ್ನು ಇಡಲಿ. ಕಾಮಗಾರಿ ಚಿಕ್ಕದಾದರೆ ಶಿಲಾನ್ಯಾಸವೂ ಚಿಕ್ಕದು, ಅದೊಂದು ತೊಂದರೆ.

ಬಳಕೆಯನ್ನೇ ಹಗಲಿಗೆ ತಳ್ಳುವುದು ಇನ್ನೊಂದು ದಾರಿ. ಹಗಲಿಗೆ ಕಡಿಮೆ, ಸಂಜೆಗೆ ಜಾಸ್ತಿ ದರ ಇಡಬೇಕು ಅಂತ ಕೇಂದ್ರ 2023ರಲ್ಲೇ ನಿಯಮ ತಂದಿದೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಶೂನ್ಯ ಬರುವ ಮನೆಗೆ ಆ ವ್ಯತ್ಯಾಸ ತಟ್ಟುವುದಿಲ್ಲ. ಯೋಜನೆ ಬೇಡ ಅಂತಲ್ಲ, ದರದ ಆಟ ಅಲ್ಲಿ ನಡೆಯುವುದಿಲ್ಲ ಅಷ್ಟೇ.

ಪಂಪ್‌ಸೆಟ್‌ಗಳ ವಿಷಯ ಬೇರೆ. ರಾತ್ರಿ ಮೋಟಾರ್ ಹಾಕಲು ಹೊಲಕ್ಕೆ ಹೋಗಿ ಹಾವಿಗೆ, ಚಿರತೆಗೆ ಹೆದರುವ ರೈತ ಹಗಲು ಕರೆಂಟ್ ಕೇಳುತ್ತಲೇ ಇದ್ದಾನೆ. ಸೋಲಾರ್ ಇರುವುದೂ ಹಗಲೇ. ಕೇಂದ್ರದ ಕುಸುಮ್-ಸಿ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಫಲಕ ಹಾಕಿ, ಅಲ್ಲಿಂದ ಹೊಲಗಳಿಗೆ ಹೋಗುವ ಲೈನಿನ (ಫೀಡರಿನ) ಮೋಟಾರುಗಳನ್ನು ಓಡಿಸಬಹುದು. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಸಾಕು. ಆ ನಾಲ್ಕೈದು ಎಕರೆಯೇ ಕಷ್ಟ: ಗೋಮಾಳವಾದರೆ ಒತ್ತುವರಿ ತಕರಾರು, ಹಿಡುವಳಿಯಾದರೆ ಬಾಡಿಗೆ ತಕರಾರು.