ಅಜ್ಜನ ಹಿಂದೆ ಅಜ್ಜಿಯೂ ಹೋದಳು

ಗಾಂಧಿ ಬಜಾರ್ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಎರಡು ಹಳೇ ಆಲ್ಬಮ್ ಇದ್ದವು. ಗೆದ್ದಲು ಹತ್ತುವ ಮುಂಚೆ ಸ್ಕ್ಯಾನ್ ಮಾಡಿಬಿಡೋಣ ಅಂತ ಎರಡು ಭಾನುವಾರ ಕೂತೆ. ಫೈಲುಗಳಿಗೆ ಹಟ ಹಿಡಿದು ಕನ್ನಡದಲ್ಲೇ ಹೆಸರಿಟ್ಟೆ: ಅಜ್ಜ1, ಅಜ್ಜ2, ಅಜ್ಜಿ1, ಅತ್ತೆ1, ಹೀಗೆ.

ಅಜ್ಜನ ಚಿತ್ರಗಳು ಮಾತ್ರ ಸೊಟ್ಟಗೆ ಬಂದಿದ್ದವು. ಅಳಿಸಿ ಮತ್ತೆ ಮಾಡೋಣ ಅಂತ ನನ್ನ ಕಂಪ್ಯೂಟರ್ ನಡೆಸುವ ಉಬುಂಟುವಿನ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಪ್ಪು ಪರದೆ, ತೆರೆದೆ. ಆರ್‌ಎಂ, ಒಂದು ಸ್ಪೇಸ್, ಅಜ್ಜ*. ಆರ್‌ಎಂ ಅಂದರೆ ಅಳಿಸುವ ಆದೇಶ; ಸ್ಟಾರ್ ಅಂದರೆ ಅಲ್ಲಿಂದ ಮುಂದೆ ಏನಿದ್ದರೂ ಸರಿ. ಎಂಟರ್. ಆರ್‌ಎಂ ಮಾತಾಡುವ ಪೈಕಿ ಅಲ್ಲ; ಕೆಲಸ ಮುಗಿಸಿ ಸುಮ್ಮನಾಗುತ್ತದೆ. ಫೋಲ್ಡರ್ ನೋಡಿದರೆ ಅಜ್ಜನ ಜೊತೆ ಅಜ್ಜಿಯ 40 ಚಿತ್ರಗಳೂ ಮಾಯ. ಕಸದ ಬುಟ್ಟಿಯಲ್ಲೂ ಇಲ್ಲ, ಆರ್‌ಎಂ ಅಳಿಸಿದ್ದು ಅಲ್ಲಿಗೆ ಹೋಗುವುದೇ ಇಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನವಿಡೀ ಇದೇ ಕಪ್ಪು ಪರದೆ ನೋಡುವ ಅಕ್ಕನ ಮಗಳಿಗೆ ಫೋನ್ ಮಾಡಿ ಆರ್‌ಎಂಗೆ ಬೈದೆ.

"ಅದನ್ನ ಯಾಕೆ ಬೈತೀರ ಮಾಮ? ಅದಕ್ಕೆ ಸ್ಟಾರ್ ಕಾಣಿಸೋದೇ ಇಲ್ಲ. ನೀವು ಟೈಪ್ ಮಾಡಿದ್ದನ್ನ ಓದಿ ನಡೆಸೋ ಶೆಲ್ ಅನ್ನೋ ಪ್ರೋಗ್ರಾಂ ಮೊದ್ಲೇ ಸ್ಟಾರ್ ಬಿಡಿಸಿ, ಹೆಸರುಗಳ ಪಟ್ಟಿ ಮಾಡಿ ಕೈಗೆ ಕೊಟ್ಟಿರತ್ತೆ. ಆರ್‌ಎಂ ಬದಲು ಎಕೋ ಅಂತ, ಬರೀ ತೋರಿಸೋ ಆದೇಶ, ಹಾಕಿದ್ರೆ ಆ ಪಟ್ಟಿನೇ ಕಾಣ್ತಿತ್ತು."

ಉಬುಂಟುವಿನ ಪೂರ್ವಜ ಅನ್ನಬಹುದಾದ 1971ರ ಯೂನಿಕ್ಸಿನಲ್ಲಿ ಹೀಗೆ ಬಿಡಿಸುವುದಕ್ಕೇ ಗ್ಲಾಬ್ ಅಂತ ಪ್ರತ್ಯೇಕ ಪ್ರೋಗ್ರಾಂ ಇತ್ತಂತೆ. ಹಳೇ ಪಿಸಿಗಳನ್ನು ನಡೆಸುತ್ತಿದ್ದ ಡಾಸ್‌ನಲ್ಲಿ ಆ ಕೆಲಸ ಆಯಾ ಪ್ರೋಗ್ರಾಮಿನ ತಲೆಗೇ. ನಾನು ಕಂಪ್ಯೂಟರ್ ಕಲಿತದ್ದು ಡಾಸ್‌ನಲ್ಲಿ, ಹಾಗಾಗಿ ಬೈಗುಳ ತಪ್ಪು ವಿಳಾಸಕ್ಕೆ ಹೋಗಿತ್ತು.

"ಅದಿರಲಿ, ಅಜ್ಜಿ ಹೇಗೆ ಸೇರಿಕೊಂಡ್ಳು?"

ಅವಳು ನಕ್ಕು, ಅಜ್ಜಿಯನ್ನು ಬಿಡಿಸಿ ಬರೆಯಿರಿ ಅಂದಳು. ನನ್ನ ಪ್ರಕಾರ ಎರಡೇ ಅಕ್ಷರ: ಅ, ಜ್ಜಿ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನ ಲೆಕ್ಕದಲ್ಲಿ ಐದು: ಅ, ಜ, ಅರ್ಧಾಕ್ಷರದ ಗುರುತು, ಇನ್ನೊಂದು ಜ, ಕೊನೆಗೆ ಗುಡಿಸು. ಮೊದಲ ನಾಲ್ಕು ಅಂದರೆ ಸಾಕ್ಷಾತ್ ಅಜ್ಜ! ಅಜ್ಜನಿಗೆ ಗುಡಿಸು ಹಚ್ಚಿದರೆ ಅಜ್ಜಿ. ಒಂದನೇ ಕ್ಲಾಸಿನ ಕಾಗುಣಿತವನ್ನು ಶೆಲ್ ನನಗಿಂತ ನಿಷ್ಠೆಯಿಂದ ಪಾಲಿಸಿತ್ತು. ಪ್ರಶ್ನೆ ಚಿಹ್ನೆ ಒಂದಕ್ಕೆ ಒಂದೇ ಅಕ್ಷರ ಅಂತ ಅದನ್ನು ಬಳಸಿದ್ದರೂ ಉಳಿಗಾಲವಿರಲಿಲ್ಲ: ಅಜ್ಜ??.ಜೆಪಿಜಿ ಅಂದರೆ ಅಜ್ಜ12 ಬರುತ್ತದೆ, ಹಿಂದೆಯೇ ಅಜ್ಜಿ1 ಕೂಡ. ಅಜ್ಜ[0-9]* ಅಂದಿದ್ದರೆ ಮಾತ್ರ ಅಜ್ಜಿ ಬಚಾವ್. ಅಜ್ಜ ಆದ ಕೂಡಲೇ ಅಂಕಿ ಬರಬೇಕು, ಗುಡಿಸಿಗೆ ಅಲ್ಲಿ ಜಾಗವಿಲ್ಲ.

ಮುಂದಿನ ಭಾನುವಾರ ಮತ್ತೆ ಆಲ್ಬಮ್ ಇಳಿಸಿದೆ. ಕಾಫಿ ಹಿಡಿದು ಬಂದ ಅಮ್ಮ ಈ ಸಲ ಪಕ್ಕದಲ್ಲೇ ಕೂತಳು. ಹೋದ ಸಲ ಅಜ್ಜಿ7 ಆಗಿದ್ದ ಚಿತ್ರ ಪರದೆ ಮೇಲೆ ಬಂತು, ಹಿತ್ತಲಿನ ಬಾವಿಕಟ್ಟೆ ಮೇಲೆ ಕೂತ ಹೆಂಗಸು.

"ಇದು ಅಜ್ಜಿ ಅಲ್ಲ ಕಣೋ. ಅಜ್ಜನ ಅಕ್ಕ. ಮೂಗು ನೋಡು."

ಮೂಗು ನೋಡಿದೆ. ಹೌದು, ಅಜ್ಜನದೇ. 'ಅಜ್ಜನಅಕ್ಕ1' ಅಂತ ಹೆಸರು ಟೈಪ್ ಮಾಡಿದವನು ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ, ಅಷ್ಟನ್ನೂ ಅಳಿಸಿ, 'ಬಾವಿಕಟ್ಟೆ1' ಅಂತ ಬರೆದೆ.