ಅಪ್ಪನ ಡೈರಿ, ನನ್ನ ಪೈ, ಒಂದೂಕಾಲು ಇಂಚು ಮಳೆ

ನಮ್ಮ ಸೋಮವಾರಪೇಟೆ ಕಡೆ ತೋಟದ ಮನೆಗಳಲ್ಲಿ ಮಳೆಯ ಲೆಕ್ಕವೆಲ್ಲ ಇಂಚು, ಸೆಂಟ್‌ನಲ್ಲೇ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು). ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರು ಅಳೆದು ಡೈರಿಯಲ್ಲಿ ಬರೆದ ಮೇಲೆಯೇ ಅಪ್ಪ ತಿಂಡಿಗೆ ಕೂರುವುದು. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಮುಗಿಸುವುದೂ ಆ ಹೊತ್ತಿಗೇ. ನಾನು ಪಕ್ಕದಲ್ಲಿ ಬಟ್ಟಲು ವಾಲುವ ಮಾಪಕವೊಂದನ್ನು ನಿಲ್ಲಿಸಿ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಜೋಡಿಸಿದೆ. ಸೆಂಟ್ ಮಳೆಗೊಮ್ಮೆ ಬಟ್ಟಲು ವಾಲುತ್ತದೆ, ಪೈ ಆ ಹೊತ್ತನ್ನು ಬರೆದುಕೊಳ್ಳುತ್ತದೆ.

ಜುಲೈನಲ್ಲಿ ಅಪ್ಪ ಅದರ ತಪ್ಪು ಹಿಡಿದರು. "ಮಗಾ, ನಿನ್ನ ಮಿಷನ್ ಹೇಳೋ ಹಾಗೆ ನಿನ್ನೆ ಬೆಳಿಗ್ಗೆ 7:17ರಿಂದ ಎಂಟೂವರೆ ಒಳಗೆ ಒಂದೂಕಾಲು ಇಂಚು. ಆಗ ಹೊಳವಾಗಿತ್ತು ಮಾರಾಯ, ಕೊಡೆ ಇಲ್ಲದೆ ಹೋಗಿ ಅಳೆದು ಬಂದಿದ್ದೇನೆ."

ಮರ ಬಿದ್ದು ಕರೆಂಟ್ ಹೋದದ್ದು 7:40ಕ್ಕೆ, ಬಂದದ್ದು ಮಧ್ಯಾಹ್ನ ಎರಡಕ್ಕೆ. ಪೈ 3ರಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ. ಫೇಕ್-ಹೆಚ್‌ಡಬ್ಲ್ಯೂಕ್ಲಾಕ್ ಎಂಬ ಪುಟ್ಟ ಪ್ರೋಗ್ರಾಂ ಗಂಟೆಗೊಮ್ಮೆ, ಮತ್ತೆ ಶಟ್‌ಡೌನ್ ಆಗುವಾಗ, ಸಮಯವನ್ನು ಫೈಲಿನಲ್ಲಿ ಬರೆದಿಟ್ಟು ಮುಂದಿನ ಸಲ ಅಲ್ಲಿಂದಲೇ ಎಣಿಸುತ್ತದೆ. ಕೊನೆಗೆ ಬರೆದದ್ದು 7:17. ನೆಟ್ ಇದ್ದಿದ್ದರೆ ತಿದ್ದಿಕೊಳ್ಳುತ್ತಿತ್ತು. ಟವರ್ ಕೂಡ ಸತ್ತಿತ್ತು. ಹೀಗೆ ಮಧ್ಯಾಹ್ನದ ಮಳೆ, ಎಂಟೂವರೆಗೆ ಮೊದಲೇ ಬಂದದ್ದೆಂದು, ಹಿಂದಿನ ದಿನದ ಖಾತೆಗೆ ಬಿತ್ತು.

ಕರೆಂಟ್ ಹೋದರೂ ಸೆಲ್‌ನಲ್ಲಿ ಓಡುವ ಗಡಿಯಾರದ ಚಿಪ್ ಇರುವ ಡಿಎಸ್3231 ಮಾಡ್ಯೂಲ್ ತರಿಸಿದೆ, ನಾಲ್ಕೇ ವೈರ್. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು. ನಮ್ಮ ಚಳಿಗೆ ಸಾಮಾನ್ಯ ಹರಳು ದಾರಿ ತಪ್ಪುತ್ತದೆ. ಈ ಚಿಪ್ ಉಷ್ಣತೆ ನೋಡಿ ತಿದ್ದಿಕೊಳ್ಳುವುದರಿಂದ ವರ್ಷಕ್ಕೆ ಸುಮಾರು ಒಂದು ನಿಮಿಷದ ವ್ಯತ್ಯಾಸ, ಅಷ್ಟೇ. ಫೇಕ್ ಗಡಿಯಾರ ತೆಗೆದುಹಾಕಿದರೂ ಬೂಟ್ ಆದಾಗ ಸಮಯ ತಪ್ಪೇ! ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ. ಬೂಟ್ ಆಗುವಾಗ ಚಿಪ್‌ನ ಸಮಯವನ್ನು ಪೈಗೆ ಕೊಡಬೇಕಾದದ್ದು, ಸಾಧನಗಳನ್ನು ಗುರುತಿಸುವ ಯುಡೆವ್‌ನ ಹೆಚ್‌ಡಬ್ಲ್ಯೂಕ್ಲಾಕ್-ಸೆಟ್ ಸ್ಕ್ರಿಪ್ಟ್, ಅದು ಸಿಸ್ಟಮ್‌ಡಿ (ಪೈನಲ್ಲಿ ಉಳಿದೆಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಕಂಡ ಕೂಡಲೇ ಏನೂ ಮಾಡದೆ ಹೊರಬೀಳುತ್ತದೆ. ಹಾಗೆ ಹೊರಬೀಳಿಸುವ ಮೂರು ಸಾಲುಗಳ ಮುಂದೆ ಹ್ಯಾಶ್ (#) ಹಾಕಿ ಅವು ನಡೆಯದಂತೆ ಮಾಡಿದ ಮೇಲೆ ದಾರಿಗೆ ಬಂತು.

ಶಟ್‌ಡೌನ್ ಆಗುವಾಗ ಸಿಸ್ಟಮ್ ಸಮಯವನ್ನು ಚಿಪ್‌ಗೆ ಬರೆಯುವ ಸ್ಕ್ರಿಪ್ಟ್ ಹಾಕು ಅಂತ ಗೆಳೆಯನೊಬ್ಬ ಹೇಳಿದ. ಹಾಕಲಿಲ್ಲ. ಆಷಾಢದಲ್ಲಿ ನಮ್ಮಲ್ಲಿ ಯಾರು ಶಟ್‌ಡೌನ್ ಮಾಡುತ್ತಾರೆ, ಗಾಳಿ ತಾನೇ? ಅದೂ ಅಲ್ಲದೆ, ನೆಟ್ ಇಲ್ಲದ ದಿನ ಸಿಸ್ಟಮ್ ಸಮಯವೇ ತಪ್ಪಿದ್ದರೆ ಸರಿಯಿದ್ದ ಚಿಪ್‌ನ ಮೇಲೂ ಆ ತಪ್ಪನ್ನೇ ಬರೆದಂತಾಗುತ್ತದೆ. ನೆಟ್ ಸಮಯ ಹೊಂದಿಕೊಂಡಿದೆ ಎಂದು ಖಾತ್ರಿಯಾದಾಗ ಮಾತ್ರ ಬರೆಯುತ್ತೇನೆ, ಅದೂ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ. ಅಪ್ಪನ ಎಂಟೂವರೆ ಅಲ್ಲಿ ಸರಿಯಾಗಿ 3:00.

ಮೊನ್ನೆ ರೌಟರ್ ಆಫ್ ಮಾಡಿ, ಪೈನ ಪ್ಲಗ್ ಕಿತ್ತು, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಾಕಿದರೆ ಅಪ್ಪನ ಫೋನಿನ ಸಮಯಕ್ಕೂ ಅದಕ್ಕೂ ಸೆಕೆಂಡಿನ ವ್ಯತ್ಯಾಸವಿಲ್ಲ. ಅಪ್ಪ ಕನ್ನಡಕ ಏರಿಸಿ ಎರಡೂ ನೋಡಿದರು. ಆಮೇಲೆ ಡೈರಿಯ ಕೊನೇ ಪುಟದಲ್ಲಿ, ಗೊಬ್ಬರದ ಲೆಕ್ಕದ ಕೆಳಗೆ, "ಮಿಷನ್ ಸೆಲ್ ಹಾಕಿದ್ದು" ಅಂತ ತಾರೀಖು ಬರೆದುಕೊಂಡರು.